ಗರ್ಭಕಂಠದ ಕ್ಯಾನ್ಸರ್: ಲಸಿಕೆಯಿಂದ ವಿಕಿರಣದವರೆಗೆ, ಎಲ್ಲೆಲ್ಲಿ ಕೈತಪ್ಪುತ್ತದೆ

2022ರ ಒಂದೇ ವರ್ಷದಲ್ಲಿ ಭಾರತದ ಸುಮಾರು 1.27 ಲಕ್ಷ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಮಂದಿ ಅದರಿಂದ ತೀರಿಕೊಂಡರು. ಇದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಈ ಕಾಯಿಲೆಯ ಕಾರಣ ಗೊತ್ತಿದೆ, ತಡೆಯಲು ಲಸಿಕೆ ಇದೆ, ಕ್ಯಾನ್ಸರ್ ಆಗುವ ಮುಂಚೆಯೇ ಹಿಡಿದರೆ ಕೆಲವೇ ನಿಮಿಷಗಳ ಚಿಕಿತ್ಸೆಯಲ್ಲಿ ಮುಗಿಸಿಬಿಡಬಹುದು. ಆದರೂ ಇಷ್ಟು ಜೀವ ಹೋಗುತ್ತಿವೆ. ವಿಜ್ಞಾನದ ಕೊರತೆ ಇಲ್ಲಿ ಬಹಳ ಕಡಿಮೆ. ಲಸಿಕೆ, ಪರೀಕ್ಷೆ, ಫಲಿತಾಂಶ, ಚಿಕಿತ್ಸೆ, ಮರುಪರೀಕ್ಷೆ ಇವು ಒಂದರ ಹಿಂದೆ ಒಂದು ನಡೆಯಬೇಕು. ನಮ್ಮಲ್ಲಿ ನಡುವೆಲ್ಲೋ ಒಂದು ಹೆಜ್ಜೆ ತಪ್ಪುತ್ತದೆ, ಅಲ್ಲಿಂದ ಮುಂದಿನದೆಲ್ಲ ತಪ್ಪುತ್ತದೆ.

ವೈರಸ್ಸು ಮಾಡುವ ಕೆಲಸ

ಗರ್ಭಕಂಠ ಅಂದರೆ ಗರ್ಭಕೋಶದ ಬಾಯಿ, ಯೋನಿಯ ಒಳತುದಿಯಲ್ಲಿ ಚಾಚಿಕೊಂಡಿರುವ ಭಾಗ. ಅದರ ಹೊರಮೈಗೆ ಚಪ್ಪಟೆ ಜೀವಕೋಶಗಳ ದಪ್ಪ ಹೊದಿಕೆ ಇರುತ್ತದೆ. ಒಳಗಿನ ಕಾಲುವೆಗೆ ಕಂಬದಂಥ ಜೀವಕೋಶಗಳ ಒಂದೇ ಪದರ. ಈ ಎರಡು ಸೇರುವ ಗೆರೆ ವಯಸ್ಸಿನ ಜೊತೆ ಸರಿಯುತ್ತದೆ. ಹರೆಯಕ್ಕೆ ಬಂದಾಗ ಹೊರಕ್ಕೆ ಚಾಚಿಕೊಳ್ಳುತ್ತದೆ, ಮುಟ್ಟು ನಿಂತ ಮೇಲೆ ಕಾಲುವೆಯೊಳಗೆ ಹಿಂದೆ ಸರಿಯುತ್ತದೆ. ಒಂದು ಬಗೆಯ ಜೀವಕೋಶ ಇನ್ನೊಂದಾಗಿ ಬದಲಾಗುತ್ತಿರುವ ಈ ವಲಯದಲ್ಲೇ ಹೆಚ್ಚುಕಡಿಮೆ ಎಲ್ಲ ಗರ್ಭಕಂಠದ ಕ್ಯಾನ್ಸರ್‌ಗಳೂ ಹುಟ್ಟುತ್ತವೆ. ಮುಂದೆ ಹೇಳುವ ಪರೀಕ್ಷೆ, ಚಿಕಿತ್ಸೆಗಳೆಲ್ಲ ಈ ಗೆರೆಯನ್ನು ಹಿಡಿದೇ ನಡೆಯುತ್ತವೆ.

ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ. ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ ಅವರ ತಂಡ 1983ರಲ್ಲಿ ಇದರ 16ನೇ ಬಗೆಯನ್ನು, ಮರುವರ್ಷ 18ನೇ ಬಗೆಯನ್ನು ಗರ್ಭಕಂಠದ ಗೆಡ್ಡೆಗಳಲ್ಲಿ ಗುರುತಿಸಿತು. ಅದಕ್ಕೆ 2008ರಲ್ಲಿ ಅವರಿಗೆ ನೊಬೆಲ್ ಬಂತು. ಈ ವೈರಸ್ಸಿನಲ್ಲಿ ನೂರಕ್ಕಿಂತ ಹೆಚ್ಚು ಬಗೆಗಳಿವೆ. ಕ್ಯಾನ್ಸರ್ ತರಬಲ್ಲವು ಹದಿನಾಲ್ಕರಷ್ಟು. 16 ಮತ್ತು 18 ಎರಡೇ ಸೇರಿ ಸುಮಾರು 70 ಶೇಕಡಾ ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣ.

ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ಸು ಬದುಕಿನಲ್ಲಿ ಒಮ್ಮೆಯಾದರೂ ಬಹುಪಾಲು ಗಂಡಸರಿಗೂ ಹೆಂಗಸರಿಗೂ ತಗಲುತ್ತದೆ. ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಎರಡು ವರ್ಷದೊಳಗೆ ದೇಹವೇ ಅದನ್ನು ಅಡಗಿಸಿಬಿಡುತ್ತದೆ, ತಗಲಿದ್ದೇ ಗೊತ್ತಾಗುವುದಿಲ್ಲ. ತೊಂದರೆ ಆಗುವುದು ಅದು ಬಿಡದೆ ಉಳಿದುಕೊಂಡ ಕೆಲವರಲ್ಲಿ. ಅವರಲ್ಲಿ ವೈರಸ್ಸಿನ ಇ6 ಎಂಬ ಪ್ರೋಟೀನು ನಮ್ಮ ಜೀವಕೋಶದ ಪಿ53 ಎಂಬ ಕಾವಲು ಪ್ರೋಟೀನನ್ನು ನಾಶಮಾಡುತ್ತದೆ. ಇ7 ಎಂಬ ಇನ್ನೊಂದು, ಜೀವಕೋಶ ಎಗ್ಗಿಲ್ಲದೆ ಒಡೆಯದಂತೆ ಹಿಡಿದಿಡುವ ಆರ್‌ಬಿ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಕೆಟ್ಟ ಡಿಎನ್‌ಎ ಇರುವ ಜೀವಕೋಶಗಳು ಸಾಯಬೇಕಾಗಿದ್ದು ಸಾಯದೆ, ನಿಲ್ಲಬೇಕಾಗಿದ್ದು ನಿಲ್ಲದೆ ಬೆಳೆಯುತ್ತವೆ.

ಹಾಗೆಂದು ಇದು ದಿಢೀರನೆ ಆಗುವುದಿಲ್ಲ. ಮೊದಲು ಹೊದಿಕೆಯ ಕೆಳಪದರದಲ್ಲಷ್ಟೇ ಬದಲಾವಣೆ, ಆಮೇಲೆ ಮೂರನೇ ಎರಡು ಭಾಗ, ಆಮೇಲೆ ಇಡೀ ದಪ್ಪ. ವೈದ್ಯರು ಇವನ್ನು ಸಿಐಎನ್ 1, 2, 3 ಎನ್ನುತ್ತಾರೆ. ಒಂದನೆಯದು ಬಹುಪಾಲು ತಾನಾಗಿಯೇ ಮಾಯುತ್ತದೆ. ಮೂರನೆಯದನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಎಂಬುದು ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ, ಚಿಕಿತ್ಸೆ ಕೊಡದೆ ಹೆಂಗಸರನ್ನು ಬರೀ ನೋಡುತ್ತಾ ಕೂತ ಒಂದು ಅನ್ಯಾಯದ ಪ್ರಯೋಗದಿಂದ ಗೊತ್ತಾಯಿತು. 30 ವರ್ಷದಲ್ಲಿ ಅವರಲ್ಲಿ 31 ಶೇಕಡಾ ಮಂದಿಗೆ ಕ್ಯಾನ್ಸರ್ ಆಯಿತು. ಸೋಂಕಿನಿಂದ ಕ್ಯಾನ್ಸರ್‌ಗೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿ ಇರುವವರಲ್ಲಿ ಹಾದಿ ಹತ್ತಿರ, ಅವರಿಗೆ ಅಪಾಯ ಸುಮಾರು ಆರು ಪಟ್ಟು. ಇಷ್ಟು ವರ್ಷಗಳ ಮುನ್ಸೂಚನೆ ಕೊಡುವ ಕ್ಯಾನ್ಸರ್‌ಗಳು ಹೆಚ್ಚಿಲ್ಲ.

ಲಸಿಕೆ: ಒಂದು ಡೋಸು ಸಾಕೆಂದು ಗೊತ್ತಾದ ಬಗೆ

ವೈರಸ್ಸಿನ ಹೊರಕವಚ ಬಹುಪಾಲು ಎಲ್1 ಎಂಬ ಪ್ರೋಟೀನಿನ ತುಂಡುಗಳಿಂದ ಆಗಿದೆ. ಆ ತುಂಡುಗಳನ್ನು ಪ್ರಯೋಗಾಲಯದಲ್ಲಿ ತಯಾರಿಸಿದರೆ ತಾವಾಗಿಯೇ ಕೂಡಿಕೊಂಡು ಟೊಳ್ಳು ಕವಚವಾಗುತ್ತವೆ. ಒಳಗೆ ಡಿಎನ್‌ಎ ಇಲ್ಲ, ಹಾಗಾಗಿ ಸೋಂಕು ತರುವ ಪ್ರಶ್ನೆಯೇ ಇಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ 1991ರಲ್ಲಿ ತೋರಿಸಿದ ಈ ದಾರಿಯೇ ಇಂದಿನ ಎಲ್ಲ ಎಚ್‌ಪಿವಿ ಲಸಿಕೆಗಳ ಬುನಾದಿ. ಮೊದಲ ಲಸಿಕೆಗೆ ಅಮೆರಿಕದಲ್ಲಿ 2006ರಲ್ಲಿ ಅನುಮತಿ ಸಿಕ್ಕಿತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್‌ಗೆ ಭಾರತದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಅದು 6, 11, 16, 18 ಈ ನಾಲ್ಕು ಬಗೆಗಳ ವಿರುದ್ಧ. 6 ಮತ್ತು 11 ಕ್ಯಾನ್ಸರ್ ತರುವುದಿಲ್ಲ, ಜನನಾಂಗದ ನರುಲಿಗಳನ್ನು ತರುತ್ತವೆ.

ಈಗ ವಿಶ್ವ ಆರೋಗ್ಯ ಸಂಸ್ಥೆ ಒಂದೇ ಡೋಸನ್ನು ಒಪ್ಪಿರುವುದರ ಹಿಂದೆ ಭಾರತದ್ದೇ ಒಂದು ಅಧ್ಯಯನ ಇದೆ, ಅದೂ ಅಂದುಕೊಳ್ಳದೆ ಆದದ್ದು. 2009ರಲ್ಲಿ ಎರಡು ಡೋಸು ಮೂರಕ್ಕೆ ಸಮವೇ ಎಂದು ನೋಡಲು 10ರಿಂದ 18 ವರ್ಷದ ಹುಡುಗಿಯರ ಮೇಲೆ ಅಧ್ಯಯನ ಶುರುವಾಯಿತು. ಅದೇ ಹೊತ್ತಿಗೆ ಆಂಧ್ರ ಮತ್ತು ಗುಜರಾತಿನಲ್ಲಿ ನಡೆಯುತ್ತಿದ್ದ ಬೇರೊಂದು ಲಸಿಕಾ ಯೋಜನೆಯಲ್ಲಿ ಏಳು ಹುಡುಗಿಯರು ಸತ್ತ ಸುದ್ದಿ ಬಂದು, 2010ರ ಏಪ್ರಿಲ್‌ನಲ್ಲಿ ಸರ್ಕಾರ ಎಲ್ಲವನ್ನೂ ನಿಲ್ಲಿಸಿತು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ತನಿಖೆ ಹೇಳಿತು. ಹೆತ್ತವರ ಒಪ್ಪಿಗೆ ಪಡೆದ ರೀತಿಯಲ್ಲಿ ಲೋಪಗಳಿದ್ದವೆಂದೂ ಹೇಳಿತು, ಆ ಮಾತನ್ನು ಮರೆಯಬಾರದು. ಇತ್ತ ಮೊದಲಿನ ಅಧ್ಯಯನದಲ್ಲಿ ಐದು ಸಾವಿರದಷ್ಟು ಹುಡುಗಿಯರಿಗೆ ಒಂದೇ ಡೋಸು ಬಿದ್ದು ಉಳಿದದ್ದು ನಿಂತುಹೋಗಿತ್ತು. ಸಂಶೋಧಕರು ಅವರನ್ನು ಬಿಡದೆ ಸುಮಾರು ಹತ್ತು ವರ್ಷ ಹಿಂಬಾಲಿಸಿದರು. 16 ಮತ್ತು 18ರ ಬಿಡದ ಸೋಂಕಿನ ವಿರುದ್ಧ ಒಂದು ಡೋಸಿನ ರಕ್ಷಣೆ 95.4 ಶೇಕಡಾ, ಮೂರು ಡೋಸಿನದು 93.3. ಎರಡರ ನಡುವೆ ಅಂತರವೇ ಇಲ್ಲವೆನ್ನಬೇಕು. ಕೀನ್ಯಾದಲ್ಲಿ ನಡೆದ ಪ್ರಯೋಗವೂ ಇದನ್ನೇ ತೋರಿಸಿತು. 2022ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರಿಗೆ ಒಂದು ಅಥವಾ ಎರಡು ಡೋಸು, 21 ದಾಟಿದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸು ಎಂದಿತು. ಎಚ್‌ಐವಿ ಇರುವವರಿಗೆ, ರೋಗನಿರೋಧಕ ಶಕ್ತಿ ಕಡಿಮೆ ಮಾಡುವ ಔಷಧಿ ತೆಗೆದುಕೊಳ್ಳುವವರಿಗೆ ಕಡಿಮೆಯೆಂದರೆ ಎರಡು, ಸಾಧ್ಯವಾದರೆ ಮೂರು. ಖಾಸಗಿ ಆಸ್ಪತ್ರೆಗಳು ಲಸಿಕೆಯ ಡಬ್ಬಿಯ ಮೇಲಿನಂತೆ 9ರಿಂದ 14ರವರಿಗೆ ಎರಡು, 15ರ ಮೇಲಿನವರಿಗೆ ಮೂರು ಡೋಸು ಹೇಳುತ್ತವೆ. ದುಡ್ಡು ಸಾಲದೆ ಒಂದೇ ಕೊಡಿಸಲು ಸಾಧ್ಯವಾದರೆ, ಪೂರ್ತಿ ಆಗದಿದ್ದ ಮೇಲೆ ಬೇಡವೇ ಬೇಡ ಎಂದು ಕೈಬಿಡುವುದು ತಪ್ಪು ಲೆಕ್ಕ. ಸರ್ಕಾರದಿಂದ ನಿಮ್ಮ ಊರಲ್ಲಿ ಯಾವ ವಯಸ್ಸಿನವರಿಗೆ ಉಚಿತವಾಗಿ ಸಿಗುತ್ತದೆ ಎಂಬುದನ್ನು ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಕೇಳಿ ತಿಳಿಯಬಹುದು.

ಚಿಕ್ಕ ವಯಸ್ಸಿನಲ್ಲೇ ಏಕೆ? ಲಸಿಕೆ ಸೋಂಕನ್ನು ತಡೆಯುತ್ತದೆ, ಆಗಲೇ ಒಳಹೊಕ್ಕ ವೈರಸ್ಸನ್ನು ಓಡಿಸುವುದಿಲ್ಲ. ಇಂಗ್ಲೆಂಡಿನಲ್ಲಿ 12–13ರಲ್ಲಿ ಹಾಕಿಸಿಕೊಂಡವರಲ್ಲಿ ಈ ಕ್ಯಾನ್ಸರ್ 87 ಶೇಕಡಾ ಇಳಿಯಿತು. ಅದೇ ಲಸಿಕೆ 16–18ರಲ್ಲಿ ಹಾಕಿಸಿಕೊಂಡವರಲ್ಲಿ ಇಳಿದದ್ದು 34 ಶೇಕಡಾ ಮಾತ್ರ. ಮಕ್ಕಳಾಗುವುದಕ್ಕೆ ಇದರಿಂದ ಅಡ್ಡಿ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುತ್ತದೆ. ಕೋಟ್ಯಂತರ ಡೋಸುಗಳ ಲೆಕ್ಕದಲ್ಲಿ ಅದಕ್ಕೆ ಯಾವ ಆಧಾರವೂ ಸಿಕ್ಕಿಲ್ಲ. ತೋಳು ನೋವು, ಒಂದು ದಿನದ ಜ್ವರ ಇರಬಹುದು. ಹದಿಹರೆಯದವರಿಗೆ ಸೂಜಿ ಕಂಡು ತಲೆಸುತ್ತು ಬರುವುದು ಸಾಮಾನ್ಯ, ಆದ್ದರಿಂದ ಕೂರಿಸಿ ಚುಚ್ಚಿ, 15 ನಿಮಿಷ ಅಲ್ಲೇ ಕೂರಿಸಿಕೊಳ್ಳಬೇಕು. ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಹೆಪ್ಪುಗಟ್ಟಿದರೆ ಅದರಲ್ಲಿನ ಅಲ್ಯುಮಿನಿಯಂ ಲವಣ ಗಂಟಾಗಿ ಲಸಿಕೆ ಕೆಡುತ್ತದೆ. ಫ್ರೀಜರಿನ ಗೋಡೆಗೆ ತಾಗಿಸಿಟ್ಟ ಬಾಟಲಿಯನ್ನು ಬಳಸಬಾರದು.

ಪರೀಕ್ಷೆ: ವಿನೆಗರ್, ಪ್ಯಾಪ್, ಡಿಎನ್‌ಎ

ಈಗ 30 ದಾಟಿದ ಹೆಂಗಸರಿಗೆ ಲಸಿಕೆಗಿಂತ ಮುಖ್ಯವಾದದ್ದು ಪರೀಕ್ಷೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಬದುಕಿನಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು 1.9 ಶೇಕಡಾ. ಈ ಲೇಖನದಲ್ಲಿ ಒಂದೇ ಅಂಕಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನಮ್ಮ ಆರೋಗ್ಯ ಕೇಂದ್ರಗಳಲ್ಲಿ ನಡೆಯುವುದು ವಿಐಎ, ಅಂದರೆ ಅಸಿಟಿಕ್ ಆಮ್ಲ ಹಚ್ಚಿ ಬರಿಗಣ್ಣಲ್ಲಿ ನೋಡುವುದು. ಅಡುಗೆಯ ವಿನೆಗರಿನಲ್ಲಿರುವ ಆಮ್ಲವೇ ಇದು. ರಾಷ್ಟ್ರೀಯ ಮಾರ್ಗಸೂಚಿ 30ರಿಂದ 65ರವರಿಗೆ ಐದು ವರ್ಷಕ್ಕೊಮ್ಮೆ ಎನ್ನುತ್ತದೆ. ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಎಂಬ ಸಾಧನ ಹಾಕಿ ಗರ್ಭಕಂಠ ಪೂರ್ತಿ ಕಾಣುವಂತೆ ಮಾಡಿ, ಲೋಳೆಯನ್ನು ಹತ್ತಿಯಿಂದ ಒರೆಸಿ, ಎರಡು ಬಗೆಯ ಜೀವಕೋಶಗಳು ಸೇರುವ ಗೆರೆಯನ್ನು ಮೊದಲು ಹುಡುಕಬೇಕು. ಆಮೇಲೆ 3ರಿಂದ 5 ಶೇಕಡಾ ಆಮ್ಲದಲ್ಲಿ ಅದ್ದಿದ ಹತ್ತಿಯನ್ನು ಒತ್ತಿ ಹಿಡಿದು, ಪೂರ್ತಿ ಒಂದು ನಿಮಿಷ ಕಾಯಬೇಕು. ಕೆಟ್ಟ ಜೀವಕೋಶಗಳಲ್ಲಿ ಪ್ರೋಟೀನು ಜಾಸ್ತಿ. ಆಮ್ಲ ತಾಗಿದಾಗ ಅದು ಗಡ್ಡೆಕಟ್ಟಿ, ಆ ಜಾಗ ದಟ್ಟ ಬಿಳಿಯಾಗಿ, ಅಂಚು ಸ್ಪಷ್ಟವಾಗಿ, ಆ ಗೆರೆಗೆ ಅಂಟಿಕೊಂಡಂತೆ ಕಾಣುತ್ತದೆ. ಗೆರೆಯಿಂದ ದೂರದ ತೆಳು ಬಿಳುಪು, ಚುಕ್ಕೆ ಚುಕ್ಕೆ ಬಿಳುಪು, ಲೋಳೆ ತುಂಬಿದ ಸಣ್ಣ ಗುಳ್ಳೆ ಇವು ಲೆಕ್ಕಕ್ಕಿಲ್ಲ.

ಕೇಳಲು ಸುಲಭ, ಮಾಡುವಾಗ ತಪ್ಪುವ ಕಡೆಗಳು ಹಲವು. ನಿಮಿಷ ತುಂಬುವ ಮುಂಚೆ ನೋಡಿ "ಏನಿಲ್ಲ" ಎನ್ನುವುದು ಮೊದಲನೆಯದು. ಎರಡನೆಯದು ದ್ರಾವಣ. 5 ಮಿಲಿ ಗ್ಲೇಶಿಯಲ್ (ನೀರು ಬೆರೆಸದ) ಅಸಿಟಿಕ್ ಆಮ್ಲವನ್ನು 95 ಮಿಲಿ ಬಟ್ಟಿ ಇಳಿಸಿದ ನೀರಿಗೆ ಹಾಕಿ ಆ ದಿನಕ್ಕೆ ಆ ದಿನವೇ ತಯಾರಿಸಬೇಕು, ಉಳಿದದ್ದು ಚೆಲ್ಲಬೇಕು. ಹಳೆಯ ದ್ರಾವಣದಲ್ಲಿ ಬಿಳುಪು ಮೂಡುವುದಿಲ್ಲ. ನೀರು ಬೆರೆಸದ ಆಮ್ಲ ತಾಗಿದರೆ ಸುಟ್ಟೇ ಹೋಗುತ್ತದೆ. ಮೂರನೆಯದು ಬೆಳಕು. ಹಳದಿ ಬೆಳಕಿನ ಟಾರ್ಚಿನಲ್ಲಿ ತೆಳು ಬಿಳಿ ಕಾಣಿಸುವುದೇ ಇಲ್ಲ. ಎಲ್ಲಕ್ಕಿಂತ ದೊಡ್ಡದು ವಯಸ್ಸು. ಮುಟ್ಟು ನಿಂತವರಲ್ಲಿ ಆ ಗೆರೆ ಕಾಲುವೆಯೊಳಗೆ ಸರಿದಿರುತ್ತದೆ. ಕಾಣದ್ದನ್ನು ನೋಡಿ ನೆಗೆಟಿವ್ ಎಂದು ಬರೆದರೆ ಆ ಹೆಂಗಸಿಗೆ ಸುಳ್ಳು ಧೈರ್ಯ ಕೊಟ್ಟಂತೆ.

ಇಷ್ಟಿದ್ದೂ ವಿಐಎ ಜೀವ ಉಳಿಸಿದೆ. ಟಾಟಾ ಮೆಮೋರಿಯಲ್ ಆಸ್ಪತ್ರೆ ಮುಂಬೈಯ ಕೊಳೆಗೇರಿಗಳಲ್ಲಿ ತರಬೇತಿ ಪಡೆದ ಸ್ಥಳೀಯ ಹೆಂಗಸರ ಕೈಯಿಂದಲೇ ಮಾಡಿಸಿದ ದೊಡ್ಡ ಅಧ್ಯಯನದಲ್ಲಿ ಗರ್ಭಕಂಠದ ಕ್ಯಾನ್ಸರ್ ಸಾವು 31 ಶೇಕಡಾ ಇಳಿಯಿತು. ವೈದ್ಯರೇ ಬೇಕಿರಲಿಲ್ಲ, ಒಳ್ಳೆಯ ತರಬೇತಿ ಮತ್ತು ಮೇಲುಸ್ತುವಾರಿ ಬೇಕಿತ್ತು.

ಪ್ಯಾಪ್ ಪರೀಕ್ಷೆ 1940ರ ದಶಕದಿಂದ ಇದೆ. ಗ್ರೀಸಿನಿಂದ ಅಮೆರಿಕಕ್ಕೆ ಹೋದ ಜಾರ್ಜ್ ಪಪನಿಕೊಲೌ ಅವರ ಹೆಸರಿನದು. ಗರ್ಭಕಂಠವನ್ನು ಕೆರೆದು ತೆಗೆದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಶ್ರೀಮಂತ ದೇಶಗಳಲ್ಲಿ ಈ ಕ್ಯಾನ್ಸರ್ ಕುಸಿದದ್ದು ಇದರಿಂದಲೇ. ಆದರೆ ಒಂದು ಸಲದ ಪರೀಕ್ಷೆಯಲ್ಲಿ ಇದು ಗಣನೀಯವಾಗಿ ತಪ್ಪುತ್ತದೆ. ಮೂರು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಮಾಡಿದರಷ್ಟೇ ಫಲ. ವರದಿಗೆ ಒಂದು ವಾರ ಕಾದು ಮತ್ತೆ ಬನ್ನಿ ಎಂದರೆ ಕೂಲಿ ಬಿಟ್ಟು ಬಂದವರು ಮತ್ತೆ ಬರುವುದು ಕಷ್ಟ.

ಮೂರನೆಯದು ಎಚ್‌ಪಿವಿ ಡಿಎನ್‌ಎ ಪರೀಕ್ಷೆ, ವೈರಸ್ಸನ್ನೇ ಹುಡುಕುವುದು. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ 30ರಿಂದ 59 ವರ್ಷದ 1.3 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ನಾಲ್ಕು ಗುಂಪು ಮಾಡಿ, ವಿಐಎ, ಪ್ಯಾಪ್, ಎಚ್‌ಪಿವಿ ಒಂದೊಂದು ಗುಂಪಿಗೆ ಒಂದೊಂದೇ ಸಲ ಮಾಡಿ, ನಾಲ್ಕನೆಯದಕ್ಕೆ ಎಂದಿನ ಸೇವೆ ಕೊಟ್ಟು ಎಂಟು ವರ್ಷ ನೋಡಿದರು. 2009ರಲ್ಲಿ ಬಂದ ಫಲಿತಾಂಶ: ಎಚ್‌ಪಿವಿ ಗುಂಪಿನಲ್ಲಿ ಸಾವು ಹತ್ತಿರಹತ್ತಿರ ಅರ್ಧಕ್ಕೆ ಇಳಿದಿತ್ತು. ಒಂದೇ ಸಲ ಮಾಡಿದ ವಿಐಎ, ಪ್ಯಾಪ್ ಗುಂಪುಗಳಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಈ ಪರೀಕ್ಷೆಯ ನೆಗೆಟಿವ್ ಗಟ್ಟಿ. ಒಮ್ಮೆ ನೆಗೆಟಿವ್ ಬಂದರೆ ಐದರಿಂದ ಹತ್ತು ವರ್ಷ ನಿಶ್ಚಿಂತೆ. ವಿಶ್ವ ಆರೋಗ್ಯ ಸಂಸ್ಥೆ 35ರ ಹೊತ್ತಿಗೆ ಒಮ್ಮೆ, 45ರ ಹೊತ್ತಿಗೆ ಇನ್ನೊಮ್ಮೆಯಾದರೂ ಆಗಲಿ ಎನ್ನುವುದು ಇದೇ ಲೆಕ್ಕದ ಮೇಲೆ. ಎಚ್‌ಐವಿ ಇರುವವರು 25ರಿಂದಲೇ ಶುರುಮಾಡಿ ಮೂರರಿಂದ ಐದು ವರ್ಷಕ್ಕೊಮ್ಮೆ ಮಾಡಿಸಬೇಕು.

ಇದರ ಇನ್ನೊಂದು ಒಳ್ಳೆಯ ಗುಣ, ಮಾದರಿಯನ್ನು ಹೆಂಗಸರು ತಾವೇ ತೆಗೆದುಕೊಳ್ಳಬಹುದು. ಪರದೆಯ ಹಿಂದೆ ನಿಂತೋ ಕುಕ್ಕರಗಾಲಲ್ಲಿ ಕೂತೋ ಮೆತ್ತನೆಯ ಬ್ರಷ್ಷನ್ನು ಬೆರಳಷ್ಟು ಉದ್ದ ಒಳಗೆ ತೂರಿಸಿ, ನಾಲ್ಕೈದು ಸುತ್ತು ತಿರುಗಿಸಿ, ಹೊರತೆಗೆದು, ತುದಿಯನ್ನು ಏನಕ್ಕೂ ತಾಗಿಸದೆ ಕೊಳವೆಯೊಳಗೆ ಹಾಕಿ ಮುಚ್ಚಳ ಹಾಕುವುದು. ಅಷ್ಟೇ. ಡಿಎನ್‌ಎಯನ್ನು ಹಲವು ಪಟ್ಟು ಹೆಚ್ಚಿಸಿ ನೋಡುವ ಪಿಸಿಆರ್ ಆಧಾರಿತ ಪರೀಕ್ಷೆಯಾದರೆ ಹೀಗೆ ತೆಗೆದ ಮಾದರಿ ವೈದ್ಯರು ತೆಗೆದದ್ದಕ್ಕೆ ಹೆಚ್ಚುಕಡಿಮೆ ಸಮ. ಮುಟ್ಟಿನ ದಿನಗಳಲ್ಲಿ ಬೇಡ, ಯೋನಿಗೆ ಮಾತ್ರೆ ಅಥವಾ ಮುಲಾಮು ಇಟ್ಟ ಎರಡು ದಿನದೊಳಗೆ ಬೇಡ. ಪರೀಕ್ಷಾ ಮೇಜಿನ ನಾಚಿಕೆಯಿಂದಲೇ ದೂರ ಉಳಿದವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಬಂದಿಲ್ಲ. ಗೋವಾದ ಮೊಲ್ಬಿಯೊ ಸಂಸ್ಥೆಯ ಟ್ರೂನ್ಯಾಟ್ ಯಂತ್ರಗಳು ಕ್ಷಯದ ಪರೀಕ್ಷೆಗೆಂದು ಆಗಲೇ ಊರೂರ ಸರ್ಕಾರಿ ಆಸ್ಪತ್ರೆಗಳಲ್ಲಿ ಇವೆ. ಚಿಪ್ ಬದಲಿಸಿದರೆ ಅವು ಎಚ್‌ಪಿವಿಯನ್ನೂ ನೋಡಬಲ್ಲವು. ಇದ್ದ ಯಂತ್ರಕ್ಕೇ ಇನ್ನೊಂದು ಕೆಲಸ ಹಚ್ಚುವುದು ಬೇಗ ಆಗಬಹುದಾದ ಕೆಲಸ, ಆಗಲೇಬೇಕಾದ್ದು.

ಪಾಸಿಟಿವ್ ಬಂದರೆ

ಪಾಸಿಟಿವ್ ಅಂದರೆ ಕ್ಯಾನ್ಸರ್ ಅಲ್ಲ. ವೈರಸ್ಸು ಇದೆ ಎಂದಷ್ಟೇ. ಅದು ಯಾವಾಗ ಬಂತೆಂದು ಯಾವ ಪರೀಕ್ಷೆಯೂ ಹೇಳುವುದಿಲ್ಲ, ಹತ್ತಾರು ವರ್ಷ ಅಡಗಿ ಕೂತದ್ದೂ ಇರಬಹುದು. ಗಂಡನ ಮೇಲೋ ಹೆಂಡತಿಯ ಮೇಲೋ ಅನುಮಾನ ಪಡಲು ಈ ಕಾಗದ ಆಧಾರವಲ್ಲ. ಇದನ್ನು ಫಲಿತಾಂಶ ಕೊಡುವವರು ಬಾಯಿಬಿಟ್ಟು ಹೇಳಲೇಬೇಕು. ಹೇಳದೆ ಕಾಗದ ಕೈಗಿತ್ತರೆ ಆ ಹೆಂಗಸು ಅದನ್ನು ಮನೆಯಲ್ಲಿ ಬಚ್ಚಿಡುತ್ತಾಳೆ, ಮುಂದಿನ ಚಿಕಿತ್ಸೆಗೆ ಬರುವುದಿಲ್ಲ.

ಮುಂದೆ ವಿಐಎ ಅಥವಾ ಕಾಲ್ಪೊಸ್ಕೋಪ್ ಎಂಬ ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡುತ್ತಾರೆ, ಬೇಕಾದರೆ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಏನೂ ಕಾಣದಿದ್ದರೆ 24 ತಿಂಗಳಿಗೆ ಮತ್ತೆ ಎಚ್‌ಪಿವಿ ಪರೀಕ್ಷೆ. ಮಚ್ಚೆ ಕಂಡರೆ, ಅದು ಗರ್ಭಕಂಠದ ಮುಕ್ಕಾಲು ಭಾಗ ಮೀರಿರದೆ, ಕಾಲುವೆಯೊಳಗೆ ನುಗ್ಗಿರದೆ, ಕ್ಯಾನ್ಸರ್ ಅನುಮಾನ ಇರದೆ ಇದ್ದರೆ ಅಲ್ಲೇ ಸುಟ್ಟುಬಿಡಬಹುದು. ಮೊದಲು ಇದಕ್ಕೆ ಗ್ಯಾಸ್ ಸಿಲಿಂಡರಿನಿಂದ ಹೆಪ್ಪುಗಟ್ಟಿಸುವ ಕ್ರಯೊಥೆರಪಿ ಇತ್ತು. ಮೂರು ನಿಮಿಷ ಹೆಪ್ಪು, ಐದು ನಿಮಿಷ ಬಿಡುವು, ಮತ್ತೆ ಮೂರು ನಿಮಿಷ. ಸಿಲಿಂಡರ್ ಸಾಗಿಸುವುದು, ತುಂಬಿಸುವುದೇ ದೊಡ್ಡ ತಾಪತ್ರಯವಾಗಿ ಎಷ್ಟೋ ಕಡೆ ಯಂತ್ರ ಮೂಲೆ ಸೇರಿತು. ಈಗ ಬ್ಯಾಟರಿಯಲ್ಲಿ ನಡೆಯುವ, ಕೈಯಲ್ಲಿ ಹಿಡಿಯುವ ಉಪಕರಣ ಬಂದಿದೆ. 100 ಡಿಗ್ರಿಗೆ ಕಾದ ಅದರ ತುದಿಯನ್ನು ಮಚ್ಚೆಗೆ 20ರಿಂದ 30 ಸೆಕೆಂಡು ಒತ್ತುವುದು, ಮಚ್ಚೆ ದೊಡ್ಡದಾದರೆ ಪಕ್ಕಕ್ಕೆ ಸರಿಸಿ ಮತ್ತೊಮ್ಮೆ. ಅರಿವಳಿಕೆ ಬೇಕಿಲ್ಲ, ಮುಟ್ಟಿನ ನೋವಿನಂಥ ಸೆಳೆತ ಬಂದು ಹೋಗುತ್ತದೆ. ನಾಲ್ಕು ವಾರದವರೆಗೆ ನೀರಿನಂಥ ಸ್ರಾವ ಇರಬಹುದು, ಅಷ್ಟು ದಿನ ಸಂಭೋಗ ಬೇಡ. ಜ್ವರ, ತಡೆಯಲಾರದ ಹೊಟ್ಟೆನೋವು, ಮುಟ್ಟಿಗಿಂತ ಹೆಚ್ಚು ರಕ್ತ, ಕೆಟ್ಟ ವಾಸನೆಯ ಸ್ರಾವ ಕಂಡರೆ ತಕ್ಷಣ ಆಸ್ಪತ್ರೆಗೆ ಬರಬೇಕು. ಸುಡಲು ಆಗದ ಮಚ್ಚೆಯನ್ನು ವಿದ್ಯುತ್ ಹರಿಯುವ ತೆಳು ತಂತಿಯ ಕುಣಿಕೆಯಿಂದ ಹೆರೆದು ತೆಗೆಯುತ್ತಾರೆ, ಅದಕ್ಕೆ ಅರಿವಳಿಕೆ ಕೊಡುತ್ತಾರೆ. ಯಾವುದೇ ಆದರೂ 12 ತಿಂಗಳಿಗೆ ಮರುಪರೀಕ್ಷೆ ತಪ್ಪಿಸಬಾರದು.

ಪರೀಕ್ಷೆಯ ಶಿಬಿರಗಳು ನಮ್ಮಲ್ಲಿ ಬಹಳ ನಡೆಯುತ್ತವೆ, ಫೋಟೊ ಬರುತ್ತದೆ. ಪಾಸಿಟಿವ್ ಬಂದ ಎಷ್ಟು ಮಂದಿಗೆ ಚಿಕಿತ್ಸೆ ಮುಗಿಯಿತು ಎಂಬ ಲೆಕ್ಕ ಇಟ್ಟುಕೊಳ್ಳದ ಶಿಬಿರದಿಂದ ಒಂದು ಜೀವವೂ ಉಳಿದೀತೆಂದು ಹೇಳಲಾಗದು.

ಬಿಳಿಸೆರಗಿಗೆ ಗರ್ಭಕೋಶ ತೆಗೆಸುವ ಮುಂಚೆ

ಬಿಳಿಸೆರಗು, ಸೊಂಟನೋವು, ಹೆಚ್ಚು ಮುಟ್ಟು ಎಂದು ಹೋದವರಿಗೆ ಗರ್ಭಕೋಶ ತೆಗೆದುಬಿಡುವ ಅಭ್ಯಾಸ ನಮ್ಮ ಊರುಗಳಲ್ಲಿ ವ್ಯಾಪಕವಾಗಿದೆ. ಗರ್ಭಕಂಠವನ್ನು ಒಮ್ಮೆಯೂ ಕಣ್ಣಿಟ್ಟು ನೋಡದೆ ಮಾಡಿದ ಶಸ್ತ್ರಚಿಕಿತ್ಸೆಯ ಆಮೇಲೆ ವರದಿಯಲ್ಲಿ ಕ್ಯಾನ್ಸರ್ ಎಂದು ಬಂದರೆ ಪರಿಸ್ಥಿತಿ ಬಹಳ ಕೆಡುತ್ತದೆ. ಕ್ಯಾನ್ಸರ್‌ಗೆ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶದ ಜೊತೆ ಅಕ್ಕಪಕ್ಕದ ಅಂಗಾಂಶ, ಯೋನಿಯ ಮೇಲ್ಭಾಗ, ದುಗ್ಧಗ್ರಂಥಿಗಳನ್ನೂ ತೆಗೆಯಬೇಕು. ಮಾಮೂಲಿ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿ ಗೆಡ್ಡೆಯ ನಡುವೆಯೇ ಹಾದುಹೋಗಿ ಅರ್ಧ ಒಳಗೇ ಉಳಿಯುತ್ತದೆ. ಇನ್ನೂ ಕೆಟ್ಟದ್ದು, ಮುಂದೆ ಹೇಳುವ ಒಳವಿಕಿರಣದ ಚಿಕಿತ್ಸೆಯಲ್ಲಿ ಕೊಳವೆ ಇಡಲು ಬೇಕಾದ ಗರ್ಭಕೋಶವೇ ಈಗ ಇಲ್ಲ. ತೆಗೆದ ಗರ್ಭಕೋಶವನ್ನು ಪೆಥಾಲಜಿಗೆ ಕಳಿಸದೇ ಇದ್ದರೆ ಕ್ಯಾನ್ಸರ್ ಇದ್ದದ್ದೂ ಗೊತ್ತಾಗುವುದಿಲ್ಲ.

ಆದ್ದರಿಂದ ಗರ್ಭಕೋಶ ತೆಗೆಸಲು ಹೇಳಿದ ವೈದ್ಯರನ್ನು ಎರಡು ಮಾತು ಕೇಳಿ: ಸ್ಪೆಕ್ಯುಲಮ್ ಹಾಕಿ ನೋಡಿದ್ದೀರಾ, ಪ್ಯಾಪ್ ಅಥವಾ ಎಚ್‌ಪಿವಿ ಮಾಡಿದ್ದೀರಾ? ಹಾಗೇ, ಸಂಭೋಗದ ನಂತರ ರಕ್ತ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ, ವಾಸನೆಯ ನೀರಿನಂಥ ಸ್ರಾವ ಕಂಡರೆ ಔಷಧಿ ಅಂಗಡಿಯ ಮಾತ್ರೆ ನುಂಗುತ್ತಾ ಕೂರಬಾರದು. ಒಂದೇ ಕಾಲು ಊದುವುದು, ಮೂತ್ರ ಕಡಿಮೆಯಾಗುವುದು ಕಾಯಿಲೆ ಮುಂದುವರಿದ ಲಕ್ಷಣಗಳು. ಇವೆಲ್ಲ ಇದ್ದಾಗ ಬೇಕಿರುವುದು ಬಯಾಪ್ಸಿ, ಲಕ್ಷಣ ಇಲ್ಲದವರಿಗೆ ಮಾಡುವ ಸ್ಕ್ರೀನಿಂಗ್ ಅಲ್ಲ. ಕಣ್ಣಿಗೆ ಗೆಡ್ಡೆ ಕಾಣುತ್ತಿರುವಾಗ ಪ್ಯಾಪ್ ನೆಗೆಟಿವ್ ಬಂತೆಂದು ಸುಮ್ಮನಾಗುವುದು ಅಪಾಯ.

ಕ್ಯಾನ್ಸರ್ ಆದ ಮೇಲೆ: ಎಂಟು ವಾರದ ಗಡುವು

ಗೆಡ್ಡೆ ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕದಾಗಿ ಗರ್ಭಕಂಠದಲ್ಲೇ ಇದ್ದರೆ ಶಸ್ತ್ರಚಿಕಿತ್ಸೆ. ಇಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಎರಡು ಮುಖ್ಯ ಬದಲಾವಣೆಗಳಾಗಿವೆ. 2018ರಲ್ಲಿ ಬಂದ ಅಂತರರಾಷ್ಟ್ರೀಯ ಪ್ರಯೋಗವೊಂದು, ಹೊಟ್ಟೆ ತೆರೆದು ಮಾಡಿದವರಿಗಿಂತ ಲ್ಯಾಪ್ರೊಸ್ಕೋಪಿ, ರೋಬೊ ಮೂಲಕ ಮಾಡಿಸಿಕೊಂಡವರಲ್ಲಿ ಕಾಯಿಲೆ ಮರಳುವುದೂ ಸಾವೂ ಹೆಚ್ಚು ಎಂದು ತೋರಿಸಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಸಣ್ಣ ಗಾಯ, ಬೇಗ ಮನೆಗೆ ಎಂಬ ಜಾಹೀರಾತಿಗೆ ಈ ಕ್ಯಾನ್ಸರ್‌ನಲ್ಲಿ ಮರುಳಾಗಬಾರದು. 2024ರಲ್ಲಿ ಬಂದ ಇನ್ನೊಂದು, ಎರಡು ಸೆಂಟಿಮೀಟರ್ ಮೀರದ ಕಡಿಮೆ ಅಪಾಯದ ಗೆಡ್ಡೆಗೆ ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆ ಬೇಡ, ಸರಳವಾದದ್ದೇ ಸಾಕು ಎಂದು ತೋರಿಸಿತು. ಮೂತ್ರದ ತೊಂದರೆ ಅದರಲ್ಲಿ ಕಡಿಮೆ.

ಆದರೆ ನಮ್ಮಲ್ಲಿ ಹೆಚ್ಚಿನವರು ಆಸ್ಪತ್ರೆಗೆ ಬರುವ ಹೊತ್ತಿಗೆ ಕಾಯಿಲೆ ಆ ಹಂತ ದಾಟಿರುತ್ತದೆ. ಅವರಿಗೆ ವಿಕಿರಣವೇ ಮುಖ್ಯ ಚಿಕಿತ್ಸೆ, ಜನ "ಕರೆಂಟ್ ಕೊಡೋದು" ಎನ್ನುವುದು ಇದನ್ನೇ. ವಾರಕ್ಕೆ ಐದು ದಿನದಂತೆ ಐದು ವಾರ ಹೊರಗಿನಿಂದ 45ರಿಂದ 50 ಗ್ರೇ (ವಿಕಿರಣ ಅಳೆಯುವ ಮಾನ) ವಿಕಿರಣ, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧಿ, ಆಮೇಲೆ ಒಳವಿಕಿರಣ ಅಂದರೆ ಬ್ರಾಕಿಥೆರಪಿ. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಭಾರ. ಗೆಡ್ಡೆ ಮೂತ್ರನಾಳವನ್ನು ಒತ್ತಿ, ಮೂತ್ರಪಿಂಡದ ಸ್ಥಿತಿ ತೋರಿಸುವ ರಕ್ತದ ಕ್ರಿಯಾಟಿನಿನ್ ಏರಿದ್ದರೆ ಮೊದಲು ನಾಳಕ್ಕೆ ಸ್ಟೆಂಟ್ ಎಂಬ ಕೊಳವೆ ಹಾಕಿ ದಾರಿ ಮಾಡಬೇಕಾಗುತ್ತದೆ.

ಬ್ರಾಕಿಥೆರಪಿ ಎಂದರೆ ಹೆದರುವವರು ಬಹಳ. ನಡೆಯುವುದು ಹೀಗೆ: ಅರಿವಳಿಕೆ ಕೊಟ್ಟು, ಗರ್ಭಕೋಶದ ಬಾಯಿಯ ಮೂಲಕ ಒಂದು ತೆಳು ಲೋಹದ ಕೊಳವೆಯನ್ನು ಒಳಗೆ, ಅದರ ಎರಡೂ ಪಕ್ಕ ಯೋನಿಯ ತುದಿಯಲ್ಲಿ ಇನ್ನೆರಡನ್ನು ಇಡುತ್ತಾರೆ. ಮೂತ್ರಕೋಶ ಮತ್ತು ಗುದನಾಳವನ್ನು ದೂರ ತಳ್ಳಲು ಗಾಜ್ ಬಟ್ಟೆ ತುಂಬುತ್ತಾರೆ. ಸ್ಕ್ಯಾನ್ ಮಾಡಿ ಲೆಕ್ಕ ಹಾಕಿದ ಮೇಲೆ, ತಂತಿಯ ತುದಿಯಲ್ಲಿರುವ ಇರಿಡಿಯಂನ ಪುಟ್ಟ ಕಾಳು ಯಂತ್ರದಿಂದ ಹೊರಟು ಈ ಕೊಳವೆಗಳೊಳಗೆ ಲೆಕ್ಕದಷ್ಟು ಹೊತ್ತು ನಿಂತು ಮರಳುತ್ತದೆ. ಕೆಲವು ನಿಮಿಷಗಳ ಕೆಲಸ. ಆಮೇಲೆ ದೇಹದಲ್ಲಿ ವಿಕಿರಣ ಉಳಿಯುವುದಿಲ್ಲ, ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಬಹುದು. ಹೀಗೆ ಮೂರರಿಂದ ಐದು ಸಲ. ಇದರ ಬಲ ಇರುವುದು ದೂರದ ಲೆಕ್ಕದಲ್ಲಿ. ಕಾಳಿನಿಂದ ದೂರ ಎರಡು ಪಟ್ಟಾದರೆ ವಿಕಿರಣ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಹಾಗಾಗಿ ಗೆಡ್ಡೆಗೆ ಒಟ್ಟು 80 ಗ್ರೇಗೂ ಮೀರಿ ಕೊಟ್ಟರೂ ಪಕ್ಕದ ಕರುಳು ಉಳಿಯುತ್ತದೆ. ಅಷ್ಟನ್ನು ಹೊರಗಿನಿಂದಲೇ ಕೊಡಲು ಹೋದರೆ ಮೂತ್ರಕೋಶ, ಗುದನಾಳ ಸುಟ್ಟುಹೋಗುತ್ತವೆ. ಬ್ರಾಕಿಥೆರಪಿ ಬಿಟ್ಟರೆ ಚಿಕಿತ್ಸೆ ಅರ್ಧವಾಯಿತೆಂದೇ ಅರ್ಥ. ಆಸ್ಪತ್ರೆ ಆರಿಸಿಕೊಳ್ಳುವಾಗಲೇ ಅಲ್ಲಿ ಈ ಸೌಲಭ್ಯ ಇದೆಯೇ ಎಂದು ಕೇಳಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇದು ದಿನನಿತ್ಯದ ಕೆಲಸ.

ಹೊರಗಿನ ವಿಕಿರಣ, ಬ್ರಾಕಿಥೆರಪಿ ಎಲ್ಲ ಸೇರಿ 56 ದಿನದೊಳಗೆ ಮುಗಿಯಬೇಕು. ತಡವಾದಷ್ಟೂ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆದುಕೊಳ್ಳುತ್ತವೆ, ಗುಣವಾಗುವ ಸಾಧ್ಯತೆ ಇಳಿಯುತ್ತದೆ. ಇಲ್ಲಿ ನಮ್ಮವರಿಗೆ ಆಗುವ ದೊಡ್ಡ ಮೋಸ ಎಂದರೆ, ವಿಕಿರಣ ಶುರುವಾದ ಎರಡು ಮೂರು ವಾರಕ್ಕೇ ರಕ್ತ ನಿಂತುಬಿಡುತ್ತದೆ. ವಾಸನೆ ಹೋಗುತ್ತದೆ, ಊಟ ಸೇರುತ್ತದೆ. ಗುಣವಾಯಿತೆಂದು ಊರಿಗೆ ಹೊರಟುಬಿಡುತ್ತಾರೆ. ಬಿತ್ತನೆ, ಕೊಯ್ಲು, ಮಗಳ ಹೆರಿಗೆ, ಉಳಿದುಕೊಳ್ಳಲು ಜಾಗವಿಲ್ಲದ್ದು ಎಲ್ಲ ಸೇರುತ್ತವೆ. ಆರು ತಿಂಗಳಿಗೆ ಮರಳುವಾಗ ಕೊಡಬಹುದಾದ್ದು ಬಹಳ ಕಡಿಮೆ ಉಳಿದಿರುತ್ತದೆ. ಚಿಕಿತ್ಸೆ ಶುರುವಾಗುವ ಮುಂಚೆಯೇ ಎಂಟು ವಾರ ಎಲ್ಲಿ ಇರುವುದು, ಜೊತೆಗೆ ಯಾರು, ಮನೆ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ತೀರ್ಮಾನ ಮಾಡಿಕೊಳ್ಳಬೇಕು. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಮೊದಲ ದಿನವೇ ಕಂಡರೆ ಧರ್ಮಛತ್ರ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾಗದ ಎರಡೂ ಸಲೀಸು. ಬಿಪಿಎಲ್ ಕುಟುಂಬಕ್ಕೆ ಆ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯ ಇದೆ.

ಹೊಸ ಚಿಕಿತ್ಸೆಗಳಲ್ಲಿ ಎರಡು ಮುಖ್ಯ. ವಿಕಿರಣದ ಮುಂಚೆ ವಾರಕ್ಕೊಮ್ಮೆಯಂತೆ ಆರು ವಾರ ಕಾರ್ಬೊಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟ ಇಂಟರ್‌ಲೇಸ್ ಪ್ರಯೋಗದಲ್ಲಿ ಐದು ವರ್ಷ ಬದುಕಿದವರು 72ರಿಂದ 80 ಶೇಕಡಾಕ್ಕೆ ಏರಿದರು. ಭಾರತದ ಆಸ್ಪತ್ರೆಯೂ ಅದರಲ್ಲಿ ಪಾಲ್ಗೊಂಡಿತ್ತು. ಇನ್ನೊಂದು ಪೆಂಬ್ರೊಲಿಜುಮ್ಯಾಬ್, ರೋಗನಿರೋಧಕ ಶಕ್ತಿಗೆ ಕ್ಯಾನ್ಸರ್ ಹಾಕಿದ ತಡೆ ತೆಗೆಯುವ ಔಷಧಿ. ವಿಕಿರಣದ ಜೊತೆ ಕೊಟ್ಟಾಗ ಮೂರು ವರ್ಷ ಬದುಕಿದವರು 75ರಿಂದ ಸುಮಾರು 83 ಶೇಕಡಾಕ್ಕೆ ಏರಿದರು. ಎರಡನೆಯದಕ್ಕೆ ಲಕ್ಷಾಂತರ ರೂಪಾಯಿ ಬೇಕು. ಮೊದಲನೆಯದರ ಔಷಧಿಗಳು ಹಳೆಯವು, ಅಗ್ಗದವು, ಜಿಲ್ಲೆಯ ಮಟ್ಟದಲ್ಲೂ ಸಿಗುವವು. ನಮ್ಮ ಬಹುಪಾಲು ರೋಗಿಗಳಿಗೆ ನಿಜವಾಗಿ ಒದಗುವುದು ಅದೇ. ಆದರೆ ಅದರಲ್ಲೂ ಏಳನೇ ವಾರ ವಿಕಿರಣ ಶುರುವಾಗಲೇಬೇಕು. ಯಂತ್ರಕ್ಕೆ ಕಾಯುವ ಸಾಲು ಉದ್ದವಿದೆ ಎಂದು ಕಿಮೊ ಕೊಡುತ್ತಾ ದಿನ ದೂಡಿದರೆ ಆ ಲಾಭ ಸಿಗುವುದಿಲ್ಲ.

ಮುಗಿದ ಮೇಲೆ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ತೋರಿಸಬೇಕು. ವಿಕಿರಣದಿಂದ ಅಂಡಾಶಯ ನಿಂತು ಮುಟ್ಟು ಬೇಗ ನಿಲ್ಲುತ್ತದೆ. ಯೋನಿ ಬಿಗಿದು ಅಂಟಿಕೊಳ್ಳದಂತೆ ಡೈಲೇಟರ್ ಎಂಬ ನಯವಾದ ಕಡ್ಡಿಯಂಥ ಸಾಧನ ಬಳಸುವುದನ್ನು ನರ್ಸ್ ಹೇಳಿಕೊಡುತ್ತಾರೆ. ಹೇಳದಿದ್ದರೆ ನಾಚದೆ ಕೇಳಿ, ಮುಂದೆ ವೈದ್ಯರು ಪರೀಕ್ಷಿಸಲಿಕ್ಕೂ ಅದು ಬೇಕು. ತಿಂಗಳುಗಳ ನಂತರ ಮಲದಲ್ಲಿ ರಕ್ತ ಕಂಡರೆ ಅದು ವಿಕಿರಣದ ಪರಿಣಾಮವಿರಬಹುದು, ಚಿಕಿತ್ಸೆ ಇದೆ. ಅಲ್ಲಿ ಬಯಾಪ್ಸಿ ತೆಗೆಯುವ ಮುಂಚೆ ಹಳೆಯ ವಿಕಿರಣದ ಕಾಗದಗಳನ್ನು ತೋರಿಸಿ, ವಿಕಿರಣ ತಾಗಿದ ಕರುಳಿನಲ್ಲಿ ಚೂರು ಕತ್ತರಿಸಿದ ಗಾಯ ಮಾಯದೆ ತೂತಾಗುವುದುಂಟು.